ಹಿಟ್ಟು ಕೊಡದ ಆಸ್ಪತ್ರೆ

ಯಾವ ಮನೆಗೆ ಹೋದರೂ ನಾನು ಮೊದಲು ನೋಡುವುದು ಹಿತ್ತಲು. ಈ ಬುದ್ಧಿ ನಮ್ಮವ್ವನಿಂದ ಬಂದದ್ದು. ಹೆಣ್ಣು ನೋಡಲು ಬಂದವರು ನಡುಮನೆಯಲ್ಲಿ ಕೂತು ಉಪ್ಪಿಟ್ಟು ತಿಂದು ಹೋಗಲಿ, ಹೆಣ್ಣು ಕೊಡುವವರು ಮಾತ್ರ ಗಂಡಿನ ಮನೆಯ ಹಿಂದಕ್ಕೆ ಹೋಗಿ ಬಚ್ಚಲು ನೋಡಿಯೇ ಮಾತು ಕೊಡಬೇಕು ಎನ್ನುತ್ತಿದ್ದಳು. ಚುಂಚನಕಟ್ಟೆ ಕಡೆಯ ನಮ್ಮೂರಿನಿಂದ ಅಕ್ಕನನ್ನು ಕಂಪಲಾಪುರದ ಆಚೆಯ ಹಳ್ಳಿಗೆ ಕೊಡುವಾಗ ಅವ್ವ ಹಾಗೇ ಮಾಡಿದ್ದಳಂತೆ. ಬಚ್ಚಲ ಕಲ್ಲು ಪಾಚಿಗಟ್ಟಿರಲಿಲ್ಲ, ಕೊಟ್ಟಳು.

ಹಾಗಾಗಿ ಅಕ್ಕನಿಗೆ ಒಂದು ಆಸ್ಪತ್ರೆ ಹುಡುಕಬೇಕಾಗಿ ಬಂದಾಗ ಆ ಕೆಲಸ ನನ್ನ ಕೊರಳಿಗೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಆಗ ಕೆ.ಆರ್. ನಗರದಲ್ಲಿ ಪ್ರೈಮರಿ ಸ್ಕೂಲ್ ಟೀಚರ್. "ಮೇಷ್ಟ್ರಮ್ಮನೇ ನೋಡ್ಲಿ ಬುಡಿ. ತಪ್ಪು ಕಂಡಿಡಿಯಾದ್ರಲ್ಲಿ ಅವ್ಳ ಬುಟ್ರಿಲ್ಲ" ಎಂದರು ಭಾವ. ಹೊಗಳಿದ್ದೋ ಬೈದದ್ದೋ ಅವರಿಗೇ ಗೊತ್ತು. ಅಕ್ಕನ ಗಂಡ ಅವರು, ಹೊಗೆಸೊಪ್ಪು ಬೆಳೆಯುವ ಮನುಷ್ಯ, ಮಾತು ಕಮ್ಮಿ, ಆಡಿದರೆ ಹೀಗೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಕ್ಕನಿಗೆ ಲಕ್ವ ಹೊಡೆದಾಗ ಅವರ ಮನೆಯಲ್ಲಿ ಬ್ಯಾರನ್ನಿಗೆ ಮೊದಲ ಸೊಪ್ಪು ಏರಿಸುವ ಗಡಿಬಿಡಿ. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡು. ಒಮ್ಮೆ ಬೆಂಕಿ ಹಾಕಿದರೆ ಸೊಪ್ಪು ಹದಕ್ಕೆ ಬರುವ ತನಕ ಆ ಬೆಂಕಿಯನ್ನು ಬಿಟ್ಟು ಯಾರೂ ಏಳುವ ಹಾಗಿಲ್ಲ. ಕಾವು ಹೆಚ್ಚಾದರೆ ಸೊಪ್ಪು ಕರಕಲು, ಕಮ್ಮಿಯಾದರೆ ಹಸಿರು, ಎರಡೂ ಕೆಲಸಕ್ಕೆ ಬಾರದು. ಒಂದು ಬೆಂದು ಇಳಿಯುವ ಹೊತ್ತಿಗೆ ಇನ್ನೊಂದು ಗೂಡಿನಷ್ಟು ಸೊಪ್ಪು ಹೊಲದಲ್ಲಿ ಬಲಿತು ಕಾದಿರುತ್ತದೆ. ಭಾವ, ಮಗ, ಸೊಸೆ ಮೂವರೂ ಅದಕ್ಕೇ ಸಾಲರು. ಮಲಗಿದವಳ ಕೈಕಾಲು ನೀವುವವರು ಯಾರು?

ನೀವುವುದೇ ಮುಖ್ಯ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಬಲಗೈ ಬಲಗಾಲು ಎರಡೂ ಹೋಗಿದ್ದವು, ಮಾತು ತೊದಲು. ದಿನವೂ ಕೈಕಾಲು ಆಡಿಸಿ ನಿಲ್ಲಿಸಿ ನಡೆಸುವವರಿದ್ದರೆ ಈಕೆ ಎದ್ದು ಓಡಾಡಬಹುದು, ಮೂಲೆಯಲ್ಲಿ ಮಲಗಿಸಿಬಿಟ್ಟರೆ ಅಲ್ಲಿಗೇ ಆಯಿತು ಎಂದಿದ್ದರು. ಆ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತ್ತು. ತರಗತಿಯಲ್ಲಿ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರೆ ನನಗೆ ಅದೇ ಕೇಳಿಸುತ್ತಿತ್ತು. ಅಕ್ಕನೆಂದರೆ ಕೂತಿದ್ದನ್ನು ನಾನು ಕಂಡವಳೇ ಅಲ್ಲ, ಉಣ್ಣುವಾಗಲೂ ತುದಿಗಾಲಲ್ಲಿ ಕೂತು ಉಂಡವಳು. ಅವಳು ಮೂಲೆ ಹಿಡಿಯುವುದೆಂದರೇನು?

ನಮ್ಮ ಮನೆಗೆ ಕರೆತರೋಣವೆಂದರೆ ನಾವಿದ್ದದ್ದು ಮಹಡಿ ಮೇಲೆ, ಏಣಿಯಂಥ ಮೆಟ್ಟಿಲು. ಅದೂ ಅಲ್ಲದೆ ಹೆಂಡತಿಯನ್ನು ನಾದಿನಿ ಮನೆಗೆ ತಳ್ಳಿದ ಗಂಡಸು ಎನ್ನಿಸಿಕೊಳ್ಳಲು ಭಾವ ಸಿದ್ಧರಿರಲಿಲ್ಲ. "ಆಸ್ಪತ್ರೆ ಅಂದ್ರೆ ಆಸ್ಪತ್ರೆ ಕಣವ್ವ. ಅದುಕ್ಕೆ ಯಾರೂ ಏನೂ ಅನ್ನಕಿಲ್ಲ" ಎಂದರು.

ಹುಣಸೂರು ದಾಟಿ ಎಚ್.ಡಿ. ಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಸಣ್ಣ ನರ್ಸಿಂಗ್ ಹೋಮ್ ಇತ್ತು. ಲಾಭಕ್ಕೆ ಮಾಡಿದ್ದಲ್ಲ, ಬಡವರಿಗೆಂದು ಮಾಡಿದ್ದು ಎಂದು ಜನ ಹೇಳುತ್ತಿದ್ದರು. ಲಾಭವಿಲ್ಲದ ಕಡೆ ಶ್ರದ್ಧೆಯೂ ಇರುವುದಿಲ್ಲ ಎಂಬುದು ಆಗ ನನ್ನ ಅಭಿಪ್ರಾಯ. ಹೇಳದೆ ಕೇಳದೆ ಒಂದು ದಿನ ಹೋಗಿ ಇಳಿದೆ. ಮುಂದಿನ ಬಾಗಿಲಿಗೆ ಹೋಗದೆ ಕಟ್ಟಡ ಸುತ್ತಿ ಹಿತ್ತಲಿಗೆ ಹೋದೆ.

ಗೋಡೆಯ ಸುಣ್ಣ ಪದರ ಪದರವಾಗಿ ಎದ್ದಿತ್ತು. ಬಚ್ಚಲ ಬಾಗಿಲಿಗೆ ಚಿಲಕವೇ ಇಲ್ಲ, ಗೋಣಿದಾರದಲ್ಲಿ ಕಟ್ಟಿಕೊಳ್ಳಬೇಕು. ಆದರೆ ಒಳಗೆ ನಾತ ಇರಲಿಲ್ಲ. ಒಣಗಲು ಹಾಕಿದ ಬೆಡ್‌ಶೀಟುಗಳು ಹಳೆಯವು, ತೂತು ಬಿದ್ದಂಥವು, ಕಲೆ ಮಾತ್ರ ಇಲ್ಲ. ಕಿಟಕಿಯಿಂದ ಒಳಗೆ ಇಣುಕಿ ಮಲಗಿದವರ ಹಿಮ್ಮಡಿ ನೋಡಿದೆ. ಹೊರಳಿಸದೆ ಬಿಟ್ಟವರ ಹಿಮ್ಮಡಿ ಕೊಳೆಯಲು ಶುರುವಾಗಿರುತ್ತದೆ. ಇಲ್ಲಿ ಒಬ್ಬರದೂ ಹಾಗಿರಲಿಲ್ಲ.

"ಏನು ನೋಡ್ತಾ ಇದ್ದೀರಿ? ಕದಿಯೋದಕ್ಕೆ ಇಲ್ಲಿ ಏನೂ ಇಲ್ಲ" ಎಂದು ಬೆನ್ನ ಹಿಂದೆ ದನಿ ಬಂತು. ಅಲ್ಲಿಯ ಹಿರಿಯ ನರ್ಸು. ವಯನಾಡಿನ ಕಡೆಯವರು, ಗಟ್ಟಿ ಆಳು, ಮಲಯಾಳದ ರಾಗದ ಕನ್ನಡ. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ನಾನು ಅಕ್ಕನ ವಿಷಯ ಹೇಳಿ, ಚಿಲಕದ ವಿಷಯವನ್ನೂ ಹೇಳಿದೆ.

"ಟೀಚರೇ, ಪರೀಕ್ಷೆ ಸ್ಕೂಲಲ್ಲಿ ಮಾಡಿ. ಚೇಚಿಯನ್ನು ಕರ್ಕೊಂಡು ಬನ್ನಿ, ನಡೆಸೋದು ನನ್ನ ಕೆಲಸ."

ಚೇಚಿ ಎಂದರೆ ಅವರ ಭಾಷೆಯಲ್ಲಿ ಅಕ್ಕ. ಆ ಬಾಯಿ ನನಗೆ ಹಿಡಿಸಲಿಲ್ಲ. ಹಿಮ್ಮಡಿಗಳು ಹಿಡಿಸಿದವು. ಅಕ್ಕನನ್ನು ತಂದು ಮಲಗಿಸಿದೆವು.

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಶಾಲೆಯ ಗಂಟೆ ಹೊಡೆಯುತ್ತಿದ್ದಂತೆ ಬಸ್‌ಸ್ಟ್ಯಾಂಡಿಗೆ ಓಟ. ಗಾವಡಗೆರೆಯಲ್ಲಿ ಬಸ್ಸು ನಿಂತು ಡ್ರೈವರು ಟೀ ಕುಡಿಯಲು ಇಳಿದರೆ ಇಳಿದು ಹೋಗಿ ಅವನ ಲೋಟ ಕಿತ್ತುಕೊಳ್ಳೋಣ ಅನ್ನಿಸುತ್ತಿತ್ತು. ಹುಣಸೂರಿನಲ್ಲಿ ಇನ್ನೊಂದು ಬಸ್ಸು. ರಸ್ತೆಯ ಎರಡೂ ಕಡೆ ಬ್ಯಾರನ್ನುಗಳು ಹೊಗೆಯಾಡುತ್ತಿದ್ದವು, ಬಸ್ಸಿನೊಳಗೂ ಬೆಂದ ಸೊಪ್ಪಿನ ಸಿಹಿ ಘಾಟು. ಹೋಗಿ ತಲುಪುವಾಗ ಸಂಜೆಯ ಗಂಜಿ ಹಂಚುವ ಹೊತ್ತು.

ಅದೇ ಜಗಳಕ್ಕೆ ಕಾರಣವಾಯಿತು. ನಮ್ಮ ಕಡೆ ಮುದ್ದೆಗೆ ಹಿಟ್ಟು ಎನ್ನುತ್ತಾರೆ. ಊಟ ಎಂದರೆ ಹಿಟ್ಟೇ. ಅನ್ನ ಉಂಡವನನ್ನೂ 'ಹಿಟ್ಟು ಉಂಡ್ಯಾ?' ಎಂದೇ ಕೇಳುವುದು. ಗಂಜಿ ಇರುವುದು ಎರಡು ಹೊತ್ತಿಗೆ: ಮನೆಯಲ್ಲಿ ಕಾಳು ಮುಗಿದಾಗ, ಇಲ್ಲವೇ ಮನುಷ್ಯ ಮುಗಿಯುತ್ತ ಬಂದಾಗ. 'ಗಂಜಿಗೆ ಬಂದವ್ರೆ' ಎಂದು ಯಾರಾದರೂ ಹೇಳಿದರೆ ದೂರದ ನೆಂಟರೂ ಬಟ್ಟೆ ಕಟ್ಟಿಕೊಂಡು ಹೊರಡುತ್ತಾರೆ. ಅಂಥದ್ದರಲ್ಲಿ ಈ ಆಸ್ಪತ್ರೆಯಲ್ಲಿ ಸಾಲಾಗಿ ಎಲ್ಲರ ಮುಂದೂ ಗಂಜಿಬಟ್ಟಲು. ಸಿಸ್ಟರ್ ಊರಿನಲ್ಲಿ ಅದು ಆಸೆಪಟ್ಟು ಉಣ್ಣುವ ಊಟವಂತೆ, ಇರಲಿ. ಅಕ್ಕ ಮಾತ್ರ ಬಟ್ಟಲು ಕಂಡೊಡನೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ತನ್ನನ್ನು ಎಲ್ಲರೂ ಕೈಬಿಟ್ಟರೆಂದು ತಿಳಿದಿದ್ದಾಳೆ, ಅದಕ್ಕೇ ಉಣ್ಣುತ್ತಿಲ್ಲ ಎಂದು ನಾನು ಒಳಗೊಳಗೇ ಕುದಿದೆ.

"ರಾಗಿ ಸೀಮೇಲಿ ಕೂತು ಒಂದು ಹಿಟ್ಟು ಕೊಡೋ ಯೋಗ್ಯತೆ ಇಲ್ಲವಾ ಈ ಆಸ್ಪತ್ರೆಗೆ?" ಎಂದು ಸಿಸ್ಟರನ್ನು ಕೇಳಿದೆ.

"ಇಲ್ಲ" ಎಂದರು. ಅಷ್ಟೇ. ಮನೆಯಿಂದ ತಂದುಕೊಡಲೂ ಬಿಡಲಿಲ್ಲ.

ಆ ದಿನಗಳಲ್ಲಿ ಟ್ರಸ್ಟಿನ ಅಧ್ಯಕ್ಷರು ಆಗಾಗ ಬರುತ್ತಿದ್ದರು. ಯಾವುದೋ ದೊಡ್ಡ ಕೆಲಸದಿಂದ ನಿವೃತ್ತರಾದ ಸಾಧು ಮನುಷ್ಯ. ಒಂದು ಸಂಜೆ ನನ್ನನ್ನು ಕಂಡು, "ನೀವು ತಿಳಿದವರು. ನಮ್ಮಲ್ಲಿ ಗುಣಮಟ್ಟ ಹೇಗಿದೆ, ಸಂಕೋಚ ಬೇಡ, ಹೇಳಿ" ಎಂದರು. ಸಂಕೋಚವೆಂಬುದು ನನಗೆ ಹುಟ್ಟಿನಿಂದ ಇಲ್ಲ. ಗೋಡೆಯಿಂದ ಹಿಡಿದು ಚಿಲಕದ ತನಕ, ಚಿಲಕದಿಂದ ಗಂಜಿಯ ತನಕ ಹರಿಕಥೆ ಮಾಡಿದೆ. ಪಾಪ, ನಿಂತೇ ಕೇಳಿದರು. ಕೊನೆಗೆ ದನಿ ತಗ್ಗಿಸಿ, "ಅಡುಗೆ ವಿಷಯ ಸಿಸ್ಟರನ್ನೇ ಕೇಳಬೇಕು. ನನಗೂ ಅವರೆಂದರೆ ಸ್ವಲ್ಪ ಭಯ" ಎಂದರು.

ಅಕ್ಕನ ಎದುರಿನ ಸಾಲಿನಲ್ಲಿ ಪಿರಿಯಾಪಟ್ಟಣ ಕಡೆಯ ಒಬ್ಬ ಯಜಮಾನರಿದ್ದರು. ಎದೆಯಲ್ಲಿ ಕಫ ಕಟ್ಟಿ ಬಂದವರು, ಅರ್ಧ ಗುಣವಾಗಿದ್ದರು. ಒಂದು ಭಾನುವಾರ ಅವರ ಸೊಸೆ ಸೆರಗಿನ ಮರೆಯಲ್ಲಿ ಹಿಟ್ಟು ತಂದಳು. ಮುದಿ ಜೀವ ಗಬಗಬ ನುಂಗಿತು. ಮಗ ಅದನ್ನು ನೋಡಿದ್ದೇ ಪಂಚೆ ಎತ್ತಿ ಕಟ್ಟಿದ. "ಇಟ್ಟು ನುಂಗುದ್ಮೇಲೆ ಇನ್ನೇನ್ ಕಾಯ್ಲೆ ಕಣ್ರೀ? ಏಳಪ್ಪೋ" ಎಂದು, ಸಿಸ್ಟರ್ ಕೂಗಾಡುತ್ತಿದ್ದರೂ ಕೇಳದೆ ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ಹೊರಟೇಹೋದ. ನನಗೆ ಅದು ತಪ್ಪೆನಿಸಲಿಲ್ಲ. ನಮ್ಮಪ್ಪ ಜ್ವರದಿಂದ ಎದ್ದು ಹಿಟ್ಟು ಉಂಡ ದಿನವೇ ಅವ್ವ ಅವನ ಕೈಗೆ ಗುದ್ದಲಿ ಕೊಟ್ಟಿದ್ದಳು. ಕೆಲವು ದಿನ ಕಳೆದು ನೋಡಿದರೆ ಆ ಯಜಮಾನರು ಅದೇ ಮಂಚದ ಮೇಲೆ ಮತ್ತೆ ಮಲಗಿದ್ದರು, ಮೊದಲಿಗಿಂತ ಹೆಚ್ಚು ಏದುಸಿರು. ಆಗಲೂ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಶಾಲೆಗೆ ರಜೆಯಿದ್ದ ಒಂದು ದಿನ. ಮಧ್ಯಾಹ್ನವೇ ಹೋದೆ. ವಾರ್ಡಿನ ಬಾಗಿಲು ಒಳಗಿನಿಂದ ಹಾಕಿತ್ತು. ರೋಗಿಗಳನ್ನು ಹಾಡುಹಗಲು ಕೂಡಿಹಾಕುತ್ತಾರೆಯೇ! ಬಾಗಿಲ ಸಂದಿಗೆ ಮೂಗಿಟ್ಟೆ. ಹಿಟ್ಟಿನ ವಾಸನೆ! ಹುರಿದ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಸಾರು. ಬಾಗಿಲು ಬಡಿದೆ, ತೆಗೆಯಲಿಲ್ಲ. ಇನ್ನೂ ಜೋರಾಗಿ ಬಡಿದೆ.

ಬಾಗಿಲು ತೆರೆದವಳು ಅಕ್ಕನ ಪಕ್ಕದ ಮಂಚದ ಅಜ್ಜಿ. ಎಚ್.ಡಿ. ಕೋಟೆಯ ಕಾಡಂಚಿನ ಗಿರಿಜನರ ಹಾಡಿಯವಳು, ಅವಳ ಕಡೆಯವರು ಜಗಲಿ ಬಿಟ್ಟು ಕದಲದೆ ಯಾವಾಗಲೂ ಕೂತಿರುತ್ತಿದ್ದರು. ನನ್ನನ್ನು ಕಂಡು ಬೊಚ್ಚುಬಾಯಿ ತುಂಬ ನಕ್ಕಳು. "ನಿನ್ ಅಕ್ಕ ಉಣ್ತಾವ್ಳೆ ಕಣವ್ವ. ಸದ್ದು ಮಾಡ್ಬ್ಯಾಡ, ಬಾ."

ಒಳಗೆ ಎಲ್ಲರ ತಟ್ಟೆಯಲ್ಲೂ ಹಿಟ್ಟು. ಟ್ರ್ಯಾಕ್ಟರಿನ ಯಜಮಾನರೂ ಗೋಡೆಗೊರಗಿ ನುಂಗುತ್ತಿದ್ದರು. ಸಿಸ್ಟರ್ ಸೊಂಟಕ್ಕೆ ಕೈಕೊಟ್ಟು ನನ್ನೆದುರು ನಿಂತರು. "ಟೀಚರೇ, ಈಗ ನೋಡಿದಿರಿ. ಹೋಗಿ ಊರಿಗೆಲ್ಲ ಹೇಳಿ. ನಾಳೆ ಎಲ್ಲರೂ ಬಂದು ಕರ್ಕೊಂಡು ಹೋಗ್ತಾರೆ, ಒಬ್ಬರಿಗೂ ಗುಣ ಆಗೋದಿಲ್ಲ. ನಿಮ್ಮ ಜನಕ್ಕೆ ಡಾಕ್ಟರ್ ಮಾತು ಬೇಡ, ಹಿಟ್ಟು ಕಂಡರೆ ಸಾಕು. ಅದಕ್ಕೇ ಸಂಜೆ ನೋಡೋಕೆ ಬರೋರ ಎದುರು ಗಂಜಿ."

ಬೈಯಲು ಬಾಯಿ ತೆರೆದವಳು ಅಕ್ಕನ ಕಡೆ ತಿರುಗಿದೆ. ತಲೆದಿಂಬಿಗೆ ಆತು ಕೂತಿದ್ದಳು. ತಿನ್ನಿಸಲು ಹೋದರೆ ಬಾಯಿ ಬಿಗಿಯುತ್ತಿದ್ದಳಂತೆ. ಎಡಗೈಯಲ್ಲಿ ಉಣ್ಣುವ ಜನ್ಮವೇ ಅಲ್ಲ ಅವಳದು. ಹಾಗಾಗಿ ಬಲಗೈ ತಟ್ಟೆಯಲ್ಲಿತ್ತು. ಸಿಸ್ಟರ್ ಕೊಟ್ಟ ರಬ್ಬರ್ ಚೆಂಡನ್ನು ಹಿಡಿಯೆಂದರೆ ಹಿಡಿಯದ ಬೆರಳುಗಳು ಹಿಟ್ಟಿನ ಮೇಲೆ ಮೆಲ್ಲಗೆ ಮಡಚುತ್ತಿದ್ದವು. ಕಿತ್ತ ತುಂಡು ಜಾರಿ ಸಾರಿಗೆ ಬಿತ್ತು. ಮತ್ತೆ ಕಿತ್ತಳು, ಬಾಯಿಯ ತನಕ ಹೋಗಿ ಸೀರೆಗೆ ಬಿತ್ತು. ಕೊನೆಗೊಂದು ಸಣ್ಣ ತುಂಡನ್ನು ಸಿಸ್ಟರೇ ಉಂಡೆ ಮಾಡಿ ಅವಳ ಬೆರಳ ನಡುವೆ ಇಟ್ಟರು. ನುಂಗಿದಳು. ನನ್ನತ್ತ ನೋಡಿ ಸೊಟ್ಟ ಬಾಯಲ್ಲೇ ನಕ್ಕಳು ಕಳ್ಳಿ! ಸಂಜೆ ಗಂಜಿ ಕಂಡು ಮುಖ ತಿರುಗಿಸುತ್ತಿದ್ದದ್ದು ದುಃಖಕ್ಕಲ್ಲ, ಹೊಟ್ಟೆ ತುಂಬಿದ್ದಕ್ಕೆ. ನಾನು ಆ ದುಃಖಕ್ಕಾಗಿ ದಾರಿಯುದ್ದಕ್ಕೂ ಅತ್ತುಕೊಂಡು ಹೋಗಿದ್ದೆ.

ಆ ದಿನದಿಂದ ನಾನೂ ಆ ಬಾಗಿಲಿನ ಒಳಗಿನವಳಾದೆ. ನೆಮ್ಮದಿಯಾಗಬೇಕಿತ್ತು, ಇನ್ನಷ್ಟು ಚಡಪಡಿಕೆ ಹತ್ತಿಕೊಂಡಿತು. ಕೈ ಬರುತ್ತಿತ್ತು, ಕಾಲು ಬಂದಿರಲಿಲ್ಲ. ಸಿಸ್ಟರ್ ತೋಳು ಹಿಡಿದು ನಿಲ್ಲಿಸಿದರೆ ಬಲಪಾದ ನೆಲದ ಮೇಲೆ ಒದ್ದೆ ಬಟ್ಟೆಯಂತೆ ಮಡಚಿಕೊಳ್ಳುತ್ತಿತ್ತು. ಇನ್ನೂ ಸಮಯ ಬೇಕು ಎನ್ನುತ್ತಿದ್ದರು. ಆ ಸಮಯ ಸಿಗಬೇಕಾದರೆ ಭಾವನಿಗೆ ಹಿಟ್ಟಿನ ವಿಷಯ ಗೊತ್ತಾಗಬಾರದು. ಗೊತ್ತಾದರೆ ಕರೆದೊಯ್ಯುತ್ತಾರೆ, ಕರೆದೊಯ್ದರೆ ಬ್ಯಾರನ್ನಿನ ಗಲಾಟೆಯಲ್ಲಿ ಅವಳು ಮೂಲೆಗೆ ಬೀಳುತ್ತಾಳೆ, ಕಾಲು ಹೋಯಿತು.

ಭಾವ ಕಂಪಲಾಪುರಕ್ಕೆ ಬಂದಾಗಲೆಲ್ಲ ಎಸ್‌ಟಿಡಿ ಬೂತಿನಿಂದ ನಮ್ಮ ಶಾಲೆಗೆ ಫೋನು ಮಾಡುತ್ತಿದ್ದರು. ಕೇಳುತ್ತಿದ್ದದ್ದು ಒಂದೇ. "ಇಟ್ಟು ಉಂಡ್ಳಾ?"

"ಇಲ್ಲ ಭಾವ. ಇನ್ನೂ ಗಂಜೀನೇ."

ಬೂತಿನ ಹೊರಗೆ ಲಾರಿ ಹೋದದ್ದು ಕೇಳಿಸುತ್ತಿತ್ತು. "ಆಯ್ತು ಬುಡವ್ವ" ಎಂದು ಇಟ್ಟುಬಿಡುತ್ತಿದ್ದರು. ಸಲಸಲಕ್ಕೂ ಆ 'ಬುಡವ್ವ' ತಗ್ಗುತ್ತ ಹೋಯಿತು. ಗಂಜಿ ಎಂದರೆ ಅವರಿಗೆ ಏನು ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಹೇಳುತ್ತಿದ್ದೆ. ಫೋನಿಟ್ಟು ತರಗತಿಗೆ ಬಂದು ಮಕ್ಕಳ ಮೇಲೆ ರೇಗುತ್ತಿದ್ದೆ.

ಒಂದು ಸಂಜೆ ನಾನು ವಾರ್ಡಿನಲ್ಲಿರುವಾಗಲೇ ಭಾವ ಬಾಗಿಲಲ್ಲಿ ನಿಂತಿದ್ದರು. ಗೂಡಿನಲ್ಲಿ ಸೊಪ್ಪಿದೆ, ಬೆಂಕಿ ಉರಿಯುತ್ತಿದೆ ಎಂದು ನನಗೆ ಗೊತ್ತಿತ್ತು. ಆ ಬೆಂಕಿ ಬಿಟ್ಟು ಅವರು ತಮ್ಮ ತಾಯಿಯ ತಿಥಿಗೂ ಎದ್ದು ಬಂದವರಲ್ಲ. ಕೂದಲಲ್ಲಿ ಬೂದಿ, ಕಣ್ಣು ಕೆಂಪು, ಮೈತುಂಬ ಸೊಪ್ಪಿನ ಘಾಟು, ಕೈಯಲ್ಲಿ ಟಿಫನ್ ಕ್ಯಾರಿಯರ್.

"ಬೆಂಕಿ?" ಎಂದೆ.

"ಮಗ ಅವ್ನೆ" ಎಂದರು. ಅವರಿಗೆ ಮಗನ ಬೆಂಕಿಯ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ.

ಅಕ್ಕನ ಮಂಚದ ಪಕ್ಕ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಎದುರಿಗೆ ಗಂಜಿಬಟ್ಟಲಿತ್ತು. ಅದನ್ನು ನೋಡಿದರು, ದೂರ ಸರಿಸಿದರು. ಕ್ಯಾರಿಯರ್ ಬಿಚ್ಚಿ ತಟ್ಟೆಗೆ ಹಿಟ್ಟು ಹಾಕಿ ಸಾರು ಬಿಟ್ಟರು. "ಸಿಸ್ಟರಮ್ಮ, ಬೈಬ್ಯಾಡಿ. ಇನ್ನೇನು, ಗಂಜಿಗೆ ಬಂದದೆ ಜೀವ. ಕೊನೇಗೊಂದ್ ತುತ್ತು ಮನೆ ಇಟ್ಟು ಉಂಡು ಓಗ್ಲಿ" ಎಂದರು. ಬೈಯಲೆಂದೇ ಬಂದಿದ್ದ ಸಿಸ್ಟರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಭಾವ ಒಂದು ತುತ್ತು ಮಾಡಿ ಅಕ್ಕನ ಬಾಯಿಗೆ ಹಿಡಿದರು. ಅಕ್ಕ ಬಾಯಿ ತೆರೆಯಲಿಲ್ಲ. ಅವರ ಕಣ್ಣಿಂದ ನೀರಿಳಿಯಿತು. ಆಗ ಅಕ್ಕ ಎಡಗೈಯಿಂದ ಅವರ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಬಲಗೈಯನ್ನು ಮೆಲ್ಲಗೆ ಎಳೆದುಕೊಂಡು ತಟ್ಟೆಯ ಮೇಲಿಟ್ಟಳು. ಬೆರಳು ಮಡಚಿ ಹಿಟ್ಟು ಕಿತ್ತಳು. ಉಂಡೆ ಸೊಟ್ಟಗಿತ್ತು. ಸಾರಿಗೆ ಅದ್ದಿದಳು, ಅರ್ಧ ಚೆಲ್ಲಿತು. ಉಳಿದದ್ದನ್ನು ತಾನೇ ಬಾಯಿಗಿಟ್ಟು ನುಂಗಿದಳು.

ಭಾವ ಕೂತಲ್ಲಿಂದ ಎದ್ದೇ ನಿಂತರು. ಅಳುತ್ತಿದ್ದವರು ನಗುತ್ತಿದ್ದರು. "ಉಂಡ್ಳಲ್ಲಾ! ಇಟ್ಟು ಉಂಡ್ಳಲ್ಲಾ ಮೇಷ್ಟ್ರಮ್ಮ! ಏಳೇ, ಮನೇಗೋಗಣ. ಟೆಂಪೋ ಕರೀತೀನಿ" ಎಂದು ಬಾಗಿಲಿಗೆ ನಡೆದೇಬಿಟ್ಟರು. ಅಯ್ಯೋ, ಮುಗಿಯಿತು ಎಂದುಕೊಂಡೆ. ಇಷ್ಟು ದಿನದ ಬಾಗಿಲು, ಗಂಜಿ, ಸುಳ್ಳು ಎಲ್ಲ ನೀರಲ್ಲಿ ಹೋಮ. ಸಿಸ್ಟರ್ ಅಡ್ಡ ಹೋಗಲು ಹೊರಟರು.

"ಇಲ್ಲ" ಎಂದಳು ಅಕ್ಕ.

ಭಾವ ತಿರುಗಿದರು. ಮದುವೆಯಾದಾಗಿನಿಂದ ಅವರಿಗೆ ಅಕ್ಕ ಆ ಮಾತನ್ನು ಆಡಿದ್ದು ನಾನು ಕೇಳಿರಲಿಲ್ಲ. ಅವರೂ ಕೇಳಿರಲಿಕ್ಕಿಲ್ಲ.

"ಕಾಲು... ಬರ್ಲಿ" ಎಂದಳು. ಒಂದೊಂದು ಅಕ್ಷರವನ್ನೂ ಬಾವಿಯಿಂದ ಸೇದಿದಂತೆ ಸೇದಿ ಆಡಿದಳು. "ಆಮೇಕೆ... ನಡ್ಕಂಡೇ... ಬತ್ತೀನಿ. ನೀವು... ಬೆಂಕಿ ನೋಡಿ."

ಹಾಡಿಯ ಅಜ್ಜಿ ತನ್ನ ಮಂಚದಿಂದ "ಅಂಗನ್ನು ಮತ್ತೆ!" ಎಂದಳು. ಭಾವ ಬಾಗಿಲಿನಿಂದ ಮರಳಿ ಬಂದು ಅದೇ ಜಾಗದಲ್ಲಿ ಕೂತರು. ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಅಕ್ಕ ಬಲಗೈಯಿಂದ ತಟ್ಟೆಯನ್ನು ತಳ್ಳಿದಳು. ಅದು ಮಂಚದ ಅಂಚಿನ ತನಕ ಬಂತು. ಭಾವ ಅದನ್ನು ಹಿಡಿದು ತೊಡೆಯ ಮೇಲಿಟ್ಟುಕೊಂಡು, ಅವಳು ಉಂಡು ಬಿಟ್ಟ ಹಿಟ್ಟನ್ನು ಉಣ್ಣತೊಡಗಿದರು. ಗಂಡ ಉಂಡ ತಟ್ಟೆಯಲ್ಲಿ ಹೆಂಡತಿ ಉಣ್ಣುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಇದನ್ನು ನೋಡಿದ್ದು ಅದೇ ಮೊದಲು. ಅವರು ಸಾರನ್ನೂ ಬಿಡದೆ ಉಂಡು, ತಟ್ಟೆ ತೊಳೆದು, ಕೊನೆಯ ಬಸ್ಸು ಹಿಡಿಯಲು ಹೋದರು.

ಬ್ಯಾರನ್ನುಗಳ ಬೆಂಕಿ ಆರಿದ ಮೇಲೆ ಟೆಂಪೋ ಬಂತು. ಅಕ್ಕ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸಿಸ್ಟರ್ ಭುಜ ಹಿಡಿದು, ಬಲಗಾಲನ್ನು ಎಳೆಯುತ್ತ ಗೇಟಿನ ತನಕ ನಡೆದಳು. ಗೇಟಿನಲ್ಲಿ ಸಿಸ್ಟರ್ ಭುಜವನ್ನೂ ಬಿಟ್ಟಳು.

ಆ ಹೊತ್ತಿಗೆ ಸರಿಯಾಗಿ ಟ್ರಸ್ಟಿನ ಅಧ್ಯಕ್ಷರು ಬಂದರು. ಟೆಂಪೋ ಹತ್ತುತ್ತಿದ್ದ ಅಕ್ಕನನ್ನು ನೋಡಿ, ನನ್ನ ಕಡೆ ತಿರುಗಿ, "ಈಗ ಹೇಳಿ ಮೇಡಂ, ನಮ್ಮ ಆಸ್ಪತ್ರೆ ಹೇಗಿದೆ?" ಎಂದರು. ಬಹಳ ಹೇಳಬೇಕೆಂದಿದ್ದೆ.

"ಬಚ್ಚಲಿಗೊಂದು ಚಿಲಕ ಹಾಕಿಸಿ ಸಾರ್" ಎಂದೆ, ಟೆಂಪೋ ಹತ್ತಿ ಅಕ್ಕನ ಬಲಗಡೆ ಕೂತೆ.